1901ರ ಮಿಷಿಗನ್ ತಂಡದ 550–0: ಈ ಅಂಕಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ:
ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಹಿಡಿದು ಓಡುವ ಆಟ) ತಂಡವು 1901ರ ಋತುವಿನ ಹನ್ನೊಂದೂ ಪಂದ್ಯಗಳನ್ನು ಗೆದ್ದು, ಒಟ್ಟು 550 ಅಂಕ ಗಳಿಸಿ, ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲವೆಂದು ದಾಖಲೆಗಳು ಹೇಳುತ್ತವೆ. ಬಫೆಲೊ ವಿರುದ್ಧ 128–0, ಬೆಲಾಯ್ಟ್ ವಿರುದ್ಧ 89–0 ಎಂಬ ಫಲಿತಾಂಶಗಳನ್ನು ನೋಡಿದರೆ, ಇದು ತಂಡದ ಸಾಮರ್ಥ್ಯವೋ ಎದುರಾಳಿಗಳ ದೌರ್ಬಲ್ಯವೋ ಎಂಬ ಸಂಶಯ ಬರುತ್ತದೆ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಮೊದಲು ಆ ಕಾಲದ ನಿಯಮಗಳನ್ನು ಗಮನಿಸಬೇಕು. ಆಗ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ರೇಖೆಯಾಚೆ ಒಯ್ಯುವುದು) ಈಗಿನಂತೆ ಆರಲ್ಲ, 5 ಅಂಕ. ಫೀಲ್ಡ್ ಗೋಲ್‌ಗೂ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆಯುವುದು) 5 ಅಂಕ. ಮೂರು ಡೌನ್‌ಗಳಲ್ಲಿ, ಅಂದರೆ ಮೂರು ಯತ್ನಗಳಲ್ಲಿ, 5 ಗಜ ಮುನ್ನಡೆದರೆ ಚೆಂಡು ತಂಡದ ಬಳಿಯೇ ಉಳಿಯುತ್ತಿತ್ತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯೇ ಇರಲಿಲ್ಲವಾದ್ದರಿಂದ, ಆಟಗಾರರು ಗುಂಪಾಗಿ ನುಗ್ಗಿ ಗಜ ಗಜವಾಗಿ ನೆಲ ಗೆಲ್ಲುವುದೇ ಸಾಮಾನ್ಯ ಕ್ರಮವಾಗಿತ್ತು. ಆ ವರ್ಷವಷ್ಟೇ ತರಬೇತುದಾರರಾಗಿ ಬಂದ ಫೀಲ್ಡಿಂಗ್ ಯೋಸ್ಟ್ ಇದಕ್ಕೆ ವೇಗವನ್ನು ಸೇರಿಸಿದರು. ಒಂದು ಯತ್ನ ಮುಗಿದು ಎದುರಾಳಿಗಳು ಎದ್ದು ತಮ್ಮ ಸ್ಥಾನಕ್ಕೆ ಬರುವಷ್ಟರಲ್ಲಿ ಮಿಷಿಗನ್ ಮುಂದಿನ ಯತ್ನವನ್ನು ಆರಂಭಿಸಿಬಿಡುತ್ತಿತ್ತು. ಯೋಸ್ಟ್ ಅವರಿಗೆ ‘ಹರಿ ಅಪ್’ (ಬೇಗ ಬೇಗ) ಎಂಬ ಅಡ್ಡಹೆಸರು ಅಂಟಿಕೊಂಡದ್ದು ಸುಮ್ಮನೆ ಅಲ್ಲ. ಕ್ಯಾಲಿಫೋರ್ನಿಯಾದಿಂದ ಅವರ ಬೆನ್ನಿಗೇ ಬಂದ ವಿಲ್ಲಿ ಹೆಸ್ಟನ್ ಆ ವೇಗಕ್ಕೆ ತಕ್ಕ ಓಟಗಾರರಾಗಿದ್ದರು.

ನನ್ನ ದೃಷ್ಟಿಯಲ್ಲಿ 550ಕ್ಕಿಂತ ಸೊನ್ನೆಯೇ ದೊಡ್ಡದು. ದುರ್ಬಲ ತಂಡವೂ ಒಂದು ಅದೃಷ್ಟದ ಒದೆತದಿಂದ 5 ಅಂಕ ಪಡೆಯಬಹುದಾಗಿದ್ದ ಕಾಲದಲ್ಲಿ, ಇಡೀ ಋತುವಿನಲ್ಲಿ ಯಾರಿಗೂ ಅದು ಸಾಧ್ಯವಾಗಲಿಲ್ಲ.

ಉತ್ತರ 2:
ಬಫೆಲೊ, ಬೆಲಾಯ್ಟ್ ಪಂದ್ಯಗಳನ್ನು ಬದಿಗಿಟ್ಟು ನೋಡುವುದು ಒಳ್ಳೆಯದು. ಶಿಕಾಗೊ ವಿರುದ್ಧ 22–0, ಒಹಾಯೊ ಸ್ಟೇಟ್ ವಿರುದ್ಧ 21–0, ಕಾರ್ಲೈಲ್ ವಿರುದ್ಧ 22–0: ಇವು ನಂಬಬಹುದಾದ ಅಳತೆಗಳು. ಆದರೆ ನಿಜವಾದ ಪರೀಕ್ಷೆ ನಡೆದದ್ದು 1902ರ ಜನವರಿ 1ರಂದು, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ, ಇಂದು ಮೊದಲ ರೋಸ್ ಬೌಲ್ (ಹೊಸ ವರ್ಷದ ಹೆಸರಾಂತ ಕಾಲೇಜು ಫುಟ್‌ಬಾಲ್ ಪಂದ್ಯ) ಎಂದು ಎಣಿಸಲಾಗುವ ಪಂದ್ಯದಲ್ಲಿ. ಎದುರಾಳಿ ಸ್ಟ್ಯಾನ್‌ಫರ್ಡ್, ಅಂದರೆ ಹಿಂದಿನ ವರ್ಷ ಯೋಸ್ಟ್ ಅವರೇ ತರಬೇತಿ ನೀಡಿದ್ದ ತಂಡ. ಮಿಷಿಗನ್ ಬದಲಿ ಆಟಗಾರರನ್ನೇ ಇಳಿಸದೆ ಅದೇ ಹನ್ನೊಂದು ಮಂದಿಯೊಂದಿಗೆ ಪಂದ್ಯ ಮುಗಿಸಿತು. ನೀಲ್ ಸ್ನೋ ಒಬ್ಬರೇ ಐದು ಟಚ್‌ಡೌನ್ ಗಳಿಸಿದರು. ಅರ್ಧ ಸಮಯಕ್ಕೆ 17–0 ಇದ್ದ ಅಂತರ 49–0ಕ್ಕೆ ಏರಿದಾಗ, ಇನ್ನೂ ಎಂಟು ನಿಮಿಷ ಉಳಿದಿರುವಂತೆಯೇ ಸ್ಟ್ಯಾನ್‌ಫರ್ಡ್ ನಾಯಕರು ಪಂದ್ಯವನ್ನು ನಿಲ್ಲಿಸಲು ಕೋರಿದರು. ಸಂಘಟಕರಿಗೆ ಈ ಏಕಪಕ್ಷೀಯ ಆಟ ರುಚಿಸಲಿಲ್ಲವೆಂದು ತೋರುತ್ತದೆ: ಅಲ್ಲಿ ಮತ್ತೆ ಫುಟ್‌ಬಾಲ್ ನಡೆದದ್ದು 1916ರಲ್ಲಿ, ನಡುವೆ ಕೆಲವು ವರ್ಷ ರಥದ ಓಟಗಳನ್ನೂ ನಡೆಸಿದರು.

ಪ್ರಶ್ನೆ ಕೇಳಿದವರು:
ವಿವರಗಳಿಗೆ ಧನ್ಯವಾದಗಳು. ಹಾಗಾದರೆ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಿಷಿಗನ್ ಎಂಬುದರಲ್ಲಿ ವಿವಾದವೇ ಇಲ್ಲವೇ? ಈ ಗೆಲುವಿನ ಓಟ ಎಲ್ಲಿಯವರೆಗೆ ಮುಂದುವರಿಯಿತು?

ಉತ್ತರ 3:
ವಿವಾದವಿದೆ. ಹಾರ್ವರ್ಡ್ ಕೂಡ ಅದೇ ಋತುವಿನಲ್ಲಿ ಹನ್ನೆರಡು ಪಂದ್ಯಗಳನ್ನು ಗೆದ್ದು ಅಜೇಯವಾಗಿತ್ತು, ಯೇಲ್ ತಂಡವನ್ನು 22–0ರಿಂದ ಸೋಲಿಸಿತ್ತು. ಎರಡೂ ತಂಡಗಳು ಪರಸ್ಪರ ಆಡಲಿಲ್ಲ, ನಿರ್ಣಯಿಸುವ ಏರ್ಪಾಡೂ ಆಗ ಇರಲಿಲ್ಲ. ಚಾಂಪಿಯನ್ ಪಟ್ಟಗಳೆಲ್ಲ ನಂತರದವರು ಹಿಂದಕ್ಕೆ ನೋಡಿ ಕಟ್ಟಿದವು. ನಾನಾದರೆ ಮಿಷಿಗನ್ ಕಡೆಗೇ ವಾಲುತ್ತೇನೆ, ಆದರೆ ಪೂರ್ವ ಕರಾವಳಿಯ ಹಳೆಯ ಕಾಲೇಜುಗಳ ಅಭಿಮಾನಿಗಳು ಒಪ್ಪಲಾರರು.

ಗೆಲುವಿನ ಓಟದ ಬಗ್ಗೆ ಹೇಳುವುದಾದರೆ, 1903ರಲ್ಲಿ ಮಿನೆಸೋಟ 6–6ರ ಸಮಬಲದಿಂದ ಗೆಲುವಿನ ಸರಣಿಯನ್ನು ಮುರಿಯಿತು. ಸೋಲು ಬಂದದ್ದು 1905ರ ನವೆಂಬರ್ 30ರಂದು, ಶಿಕಾಗೊದಲ್ಲಿ, ಶಿಕಾಗೊ ತಂಡದ ವಿರುದ್ಧ, 2–0ರಿಂದ. ತನ್ನದೇ ಗೋಲ್ ರೇಖೆಯ ಹಿಂದೆ ಮಿಷಿಗನ್ ಆಟಗಾರನೊಬ್ಬ ಸಿಕ್ಕಿಬಿದ್ದ ಒಂದೇ ಸೇಫ್ಟಿಯಿಂದ ಆ ಎರಡು ಅಂಕಗಳು ಬಂದವು. ಅಷ್ಟರಲ್ಲಿ ಐದು ಋತುಗಳಲ್ಲಿ ತಂಡದ ಲೆಕ್ಕ 55 ಗೆಲುವು, ಒಂದು ಸಮಬಲ, ಒಂದು ಸೋಲು ಆಗಿತ್ತು. ಮರುವರ್ಷವೇ ನಿಯಮಗಳು ಬದಲಾಗಿ ಫಾರ್ವರ್ಡ್ ಪಾಸ್‌ಗೆ, ಅಂದರೆ ಚೆಂಡನ್ನು ಮುಂದಕ್ಕೆ ಎಸೆಯಲು, ಅನುಮತಿ ದೊರೆಯಿತು, ಐದು ಗಜದ ಗುರಿ ಹತ್ತಕ್ಕೆ ಏರಿತು.