ಪದಚರ್ಚೆ: ‘ಮಸಲ್ ಕಾರ್’ ಕನ್ನಡದಲ್ಲಿ ಏನಾಗಬೇಕು? ಜೊತೆಗೆ ‘ಟೊರಾನಾ’

ಬಳಗದ ಎಲ್ಲರಿಗೂ ನಮಸ್ಕಾರ.

ಮೆಲ್ಬರ್ನಿನ ನಮ್ಮ ಕನ್ನಡ ಕೂಟದ ಸಂಚಿಕೆಗೆ ಆಸ್ಟ್ರೇಲಿಯಾದ ಹಳೆಯ ಕಾರುಗಳ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಮಸಲ್ ಕಾರ್’ (ಭಾರಿ ಬಲದ ಎಂಜಿನ್ ಇರುವ, ವೇಗದ ಕಾರು) ಅಡ್ಡ ಬಂತು. ‘ಸ್ನಾಯು ಕಾರು’ ಎಂದು ಬರೆದು ಹೊಡೆದುಹಾಕಿದೆ. ಸ್ನಾಯು ಎಂದರೆ ನಮಗೆ ಸೆಳೆತವೋ ಉಳುಕೋ ನೆನಪಾಗುತ್ತದೆ, ಬಲ ನೆನಪಾಗುವುದಿಲ್ಲ.

‘ಕಟ್ಟುಮಸ್ತು ಕಾರು’ ಎಂದು ಗೆಳೆಯರೊಬ್ಬರು ಸೂಚಿಸಿದರು. ಎರಡು ಬಾಗಿಲಿನ ಅಮೆರಿಕನ್ ಕಾರುಗಳಿಗೆ ಅದು ಒಪ್ಪೀತು. ಅವುಗಳ ಬಲ ಮೈಮೇಲೇ ಕಾಣುತ್ತದೆ. ಇಲ್ಲಿನ ಕಥೆ ಬೇರೆ. 1971ರ ಫೋರ್ಡ್ ಫಾಲ್ಕನ್ ಜಿಟಿಎಚ್‌ಒ ಫೇಸ್ 3 ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ಕೂರಿಸಬಹುದು. ಬಾನೆಟ್ ಎತ್ತಿದರೆ 5.8 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್! ಇಲ್ಲಿನ ಹೆಸರಾಂತ ಬ್ಯಾಥರ್ಸ್ಟ್ ಕಾರು ರೇಸಿಗೆ ಇಳಿಸುವ ಕಾರನ್ನು ಜನರಿಗೂ ಮಾರಬೇಕೆಂಬ ನಿಯಮವಿದ್ದುದರಿಂದ ರೇಸಿನ ಕಾರೇ ಶೋರೂಮಿಗೆ ಬಂತು. ತಯಾರಾದದ್ದು ಸುಮಾರು 300. ಆ ವರ್ಷ ಅಲನ್ ಮೊಫಟ್ ಬ್ಯಾಥರ್ಸ್ಟ್ ಗೆದ್ದದ್ದು ಇದರಲ್ಲೇ. (ಎಚ್‌ಒ ಎಂದರೆ ‘ಹೈ ಔಟ್‌ಪುಟ್’ ಎಂದೇ ನಾನೂ ತಿಳಿದಿದ್ದೆ. ಫೋರ್ಡ್ ಕೊಟ್ಟ ವಿಸ್ತರಣೆ ‘ಹ್ಯಾಂಡ್ಲಿಂಗ್ ಆಪ್ಷನ್’.)

ನೋಟಕ್ಕೆ ಸಾಧು, ಒಳಗೆ ಬಲ. ಇದಕ್ಕೆ ನಮ್ಮಲ್ಲಿ ‘ಕಸುವು’ ಇದೆಯಲ್ಲ! ಕಸುವುಳ್ಳ ಎತ್ತು ಎನ್ನುತ್ತೇವೆ, ಮೈಯಲ್ಲಿ ಕಸುವಿಲ್ಲ ಎನ್ನುತ್ತೇವೆ. ಹಾಗಾಗಿ ‘ಕಸುವಿನ ಕಾರು’ ಎಂದು ಬರೆಯುವ ಆಸೆ. ‘ಹುರಿಗಟ್ಟಿದ ಮೈ’ ನೆನಪಾಗಿ ‘ಹುರಿ ಕಾರು’ ಎಂದೂ ಹೇಳಿ ನೋಡಿದೆ. ಯಾರೋ ಕಡಲೆ ಹುರಿದಂತೆ ಕೇಳಿಸಿತು, ಬಿಟ್ಟೆ.

ವಿವರಣೆಯಲ್ಲೂ ಒಂದು ತೊಡಕಿದೆ. ವಿ8 ಇದ್ದರೆ ಮಾತ್ರ ಮಸಲ್ ಕಾರ್ ಎನ್ನುವವರು ಬಹಳ. ಆದರೆ 1972ರ ಕ್ರೈಸ್ಲರ್ ವೇಲಿಯಂಟ್ ಚಾರ್ಜರ್ ಇ49ರಲ್ಲಿ ಇದ್ದದ್ದು ಆರೇ ಸಿಲಿಂಡರು: 4.3 ಲೀಟರು, ಮೂರು ವೆಬರ್ ಕಾರ್ಬ್ಯುರೇಟರು, 302 ಅಶ್ವಶಕ್ತಿ. ಇದನ್ನು ಹೊರಗಿಡುವ ವಿವರಣೆಯನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ.

ಹೊರದೇಶದ ಅಭಿಮಾನಿಗಳನ್ನು, ಅದರಲ್ಲೂ ಅಮೆರಿಕದವರನ್ನು, ಸೆಳೆಯುವುದೂ ಇಲ್ಲಿನ ಕಾರುಗಳ ಈ ಬೇರೆತನವೇ ಎಂದು ನನಗನ್ನಿಸುತ್ತದೆ. ಫೋರ್ಡ್ ಅವರದೇ, ಕ್ರೈಸ್ಲರ್ ಅವರದೇ. ಆದರೂ ಈ ಕಾರುಗಳು ಅವರ ಊರಿನಲ್ಲಿ ಎಂದೂ ಮಾರಾಟವಾಗಲಿಲ್ಲ. ಹೆಸರಷ್ಟೇ ಕೇಳಿ ಮುಖ ನೋಡಿರದ ದಾಯಾದಿಗಳಂತೆ. ಅಲ್ಲಿ 25 ವರ್ಷ ದಾಟಿದ ಕಾರಿಗೆ ಅವರ ಸುರಕ್ಷತಾ ನಿಯಮದಿಂದ ವಿನಾಯಿತಿ ಇರುವುದರಿಂದ, ಬಲಗಡೆ ಸ್ಟೀರಿಂಗ್ ಇದ್ದರೂ ತರಿಸಿಕೊಳ್ಳುತ್ತಾರೆ. 2017ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಕಾರು ಕಂಪನಿ ಹೋಲ್ಡನ್ನಿನ ಕಾರ್ಖಾನೆ ಮುಚ್ಚಿದ ಮೇಲಂತೂ ಇಂಥ ಕಾರು ಇನ್ನು ಹುಟ್ಟುವುದಿಲ್ಲ.

ಎರಡನೆಯ ಪ್ರಶ್ನೆ ಹೋಲ್ಡನ್ ‘ಟೊರಾನಾ’ ಕಾರಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂಬುದು. 1979ರಲ್ಲಿ ಪೀಟರ್ ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಬ್ಯಾಥರ್ಸ್ಟನ್ನು ಆರು ಸುತ್ತುಗಳ ಅಂತರದಿಂದ ಗೆದ್ದ ಕಾರು ಅದು. ಇಂಗ್ಲಿಷ್ ಕಾಗುಣಿತ (Torana) ನೋಡಿದ ಕನ್ನಡಿಗರೆಲ್ಲ ‘ತೋರಣ’ ಎಂದೇ ಓದುತ್ತಾರೆ, ಮಾವಿನೆಲೆ ಕಣ್ಮುಂದೆ ಬರುತ್ತದೆ. ಸಂಬಂಧವಿಲ್ಲ: ‘ಹಾರು’ ಎಂಬರ್ಥದ ಮೂಲನಿವಾಸಿ ಪದ ಎಂದು ಕಂಪನಿ ಹೇಳಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿದ್ದ ನೆಲದಲ್ಲಿ ಯಾವ ಭಾಷೆಯ ಪದ ಎಂದು ಹೇಳದಿರುವುದು, ಭಾಷೆಯನ್ನು ಪ್ರೀತಿಸುವ ನನಗೆ ನೋವಿನ ಸಂಗತಿ. ನಾನು ‘ಟೊರಾನಾ’ ಎಂದು ಬರೆದು, ರಾ ಮೇಲೆ ಒತ್ತು ಎಂದು ಸೂಚಿಸಿದ್ದೇನೆ.

ನಿಮ್ಮ ಊರಿನ ಕಡೆ ‘ಕಸುವು’ ಪದವನ್ನು ಯಂತ್ರಕ್ಕೂ ಬಳಸುತ್ತಾರೆಯೇ? ಟ್ರ್ಯಾಕ್ಟರಿಗೋ ಪಂಪಿಗೋ ಹಾಗೆ ಹೇಳಿದ್ದನ್ನು ಕೇಳಿದ್ದರೆ ಆ ವಾಕ್ಯವನ್ನೇ ಬರೆದು ಕಳಿಸಿ.