ಪುರಾಣಪ್ರಾಣಿಗಳ ಹಿಂದೆ ನಿಜವಾದ ಮೂಳೆಗಳಿದ್ದವೇ?

ಅಕ್ಷರಪ್ರಿಯ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಒಂಟಿಕಣ್ಣಿನ ದೈತ್ಯ, ಹದ್ದಿನ ತಲೆಯ ಸಿಂಹ, ಡ್ರ್ಯಾಗನ್ ಮುಂತಾದ ಕಥೆಗಳೆಲ್ಲ ಹಿಂದಿನವರ ಕಣ್ಣಿಗೆ ಬಿದ್ದ ಪಳೆಯುಳಿಕೆಗಳಿಂದ ಹುಟ್ಟಿದವು ಎಂಬ ವಿವರಣೆ ಈಚೆಗೆ ಮತ್ತೆ ಮತ್ತೆ ಓದಲು ಸಿಗುತ್ತಿದೆ. ವಸ್ತುಸಂಗ್ರಹಾಲಯವೊಂದರಲ್ಲಿ ಆನೆಯ ತಲೆಬುರುಡೆಯ ಎದುರು ನಿಂತಾಗ ನನಗೂ ಅದು ನಿಜವೆನ್ನಿಸಿತು. ಹಣೆಯ ನಡುವೆ ಮುಷ್ಟಿ ತೂರುವಷ್ಟು ದೊಡ್ಡ ರಂಧ್ರವಿತ್ತು. ಅದು ಸೊಂಡಿಲಿನ ಬುಡದಲ್ಲಿರುವ ಮೂಗಿನ ದಾರಿಯೆಂದು ಫಲಕದಲ್ಲಿ ಓದುವವರೆಗೂ ನಾನು ಅದನ್ನು ಕಣ್ಣಿನ ಗುಳಿಯೆಂದೇ ತಿಳಿದಿದ್ದೆ. ನಿಜವಾದ ಕಣ್ಣಿನ ಗುಳಿಗಳು ಎರಡೂ ಪಕ್ಕಗಳಲ್ಲಿ ಗಮನಕ್ಕೇ ಬಾರದಂತಿದ್ದವು. ಈ ವಿವರಣೆಯನ್ನು ಎಷ್ಟರಮಟ್ಟಿಗೆ ಒಪ್ಪಬಹುದು?

ಶಿಲಾಪತ್ರ:
ತಾವು ಕಂಡದ್ದನ್ನೇ ಆಸ್ಟ್ರಿಯಾದ ಪಳೆಯುಳಿಕೆ ತಜ್ಞ ಓಥೆನಿಯೋ ಆಬೆಲ್ 1914ರಲ್ಲಿ ಹೇಳಿದ್ದರು. ಸಿಸಿಲಿಯಂಥ ಮೆಡಿಟರೇನಿಯನ್ ದ್ವೀಪಗಳ ಗುಹೆಗಳಲ್ಲಿ ಸಿಗುವ ಕುಬ್ಜ ಆನೆಗಳ ಬುರುಡೆಯೇ ಗ್ರೀಕರ ಒಂಟಿಕಣ್ಣಿನ ದೈತ್ಯ ಸೈಕ್ಲೋಪ್ಸ್‌ಗೆ ಮೂಲವಿರಬಹುದೆಂಬುದು ಅವರ ಊಹೆ. ಬದುಕಿರುವ ಆನೆಯನ್ನು ಎಂದೂ ನೋಡದವರಿಗೆ ಆ ಬುರುಡೆ ಹೇಗೆ ಕಂಡೀತೆಂದು ಯೋಚಿಸಿದರೆ ಊಹೆ ಆಕರ್ಷಕವೇ. ಆದರೂ ಅದು ಊಹೆಯೇ ಹೊರತು ದಾಖಲೆಯಲ್ಲ. ದಾಖಲೆಯಿರುವ ಉದಾಹರಣೆ ಬೇಕೆಂದರೆ ಆಸ್ಟ್ರಿಯಾದ ಕ್ಲಾಗನ್‌ಫರ್ಟ್ ನಗರವನ್ನು ನೋಡಬೇಕು. ಅಲ್ಲಿ ಸುಮಾರು 1335ರಲ್ಲಿ ಸಿಕ್ಕ ಬುರುಡೆಯೊಂದನ್ನು ಡ್ರ್ಯಾಗನ್ನಿನದೆಂದು ಕಾಪಾಡಿಕೊಂಡು ಬಂದರು. 16ನೆಯ ಶತಮಾನದ ಕೊನೆಯಲ್ಲಿ ಕಾರಂಜಿಯ ಡ್ರ್ಯಾಗನ್ ಶಿಲ್ಪದ ತಲೆಗೂ ಅದನ್ನೇ ಮಾದರಿಯಾಗಿ ಬಳಸಿದರು. ಅದು ಹಿಮಯುಗದ ತುಪ್ಪುಳು ಖಡ್ಗಮೃಗದ ಬುರುಡೆ.

ಮರುಓದು:
ಶಿಲಾಪತ್ರ ಅವರ ಉದಾಹರಣೆ ಸರಿಯಾದದ್ದೇ, ಆದರೆ ಅದು ಬೇರೆಯದೇ ಸಂಗತಿಯನ್ನು ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಯುರೋಪಿನಲ್ಲಿ ಡ್ರ್ಯಾಗನ್ನಿನ ಕಲ್ಪನೆ ಆ ಬುರುಡೆಗಿಂತ ಎಷ್ಟೋ ಹಳೆಯದು. ಬುರುಡೆ ಕಥೆಯನ್ನು ಹುಟ್ಟಿಸಲಿಲ್ಲ, ಇದ್ದ ಕಥೆಗೆ ಸಾಕ್ಷಿಯಾಗಿ ಒದಗಿತು. ಒಂಟಿಕೊಂಬಿನ ಕುದುರೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಕ್ ವೈದ್ಯ ಕ್ಟೀಸಿಯಸ್ ವರ್ಣಿಸಿದ್ದು ಒಂದೂವರೆ ಮೊಳದ ಬಣ್ಣಬಣ್ಣದ ಕೊಂಬಿನ ಕಾಡುಕತ್ತೆಯನ್ನು. ಮಧ್ಯಯುಗದ ವ್ಯಾಪಾರಿಗಳು ನಾರ್ವಾಲ್ ಎಂಬ ಉತ್ತರಧ್ರುವದ ತಿಮಿಂಗಿಲದ ಹಲ್ಲನ್ನು, ವಿಷಹಾರಿಯಾದ ಅದೇ ಕೊಂಬೆಂದು ಮಾರತೊಡಗಿದ ಮೇಲೆ, ಚಿತ್ರಗಳಲ್ಲಿ ಕೊಂಬು ನೀಳವಾಗಿ ಹುರಿಗೊಂಡು ಬೆಳ್ಳಗಾಯಿತು. ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ 1638ರಲ್ಲಿ ಅದು ನಾರ್ವಾಲಿನ ಹಲ್ಲೆಂದು ತೋರಿಸಿಕೊಟ್ಟರೂ ಕಥೆಯಲ್ಲಿ ಆ ಹುರಿ ಬಿಚ್ಚಲಿಲ್ಲ. (ಅದೇ ಶತಮಾನದಲ್ಲಿ ಡೆನ್ಮಾರ್ಕಿನ ಅರಸರು ಆ ಹಲ್ಲುಗಳಿಂದಲೇ ಸಿಂಹಾಸನ ಮಾಡಿಸಿಕೊಂಡರು!)

ಹದ್ದಿನ ತಲೆಯ ಸಿಂಹವಾದ ಗ್ರಿಫಿನ್ನಿಗೆ ಗೋಬಿ ಮರುಭೂಮಿಯ ಪ್ರೋಟೋಸೆರಟಾಪ್ಸ್ ಎಂಬ ಕೊಕ್ಕುಳ್ಳ ಡೈನೋಸಾರ್ ಮೂಲವೆಂಬ ವಾದವನ್ನು ನಾನು ಒಪ್ಪಲಾರೆ. ಗ್ರೀಕರಿಗೆ ಮಧ್ಯ ಏಷ್ಯಾದ ಸುದ್ದಿ ತಲುಪುವುದಕ್ಕೆ ಸಾವಿರಾರು ವರ್ಷ ಮೊದಲೇ ಈಜಿಪ್ಟ್ ಮತ್ತು ಇಂದಿನ ಇರಾನಿನ ಪ್ರದೇಶಗಳ ಕಲೆಯಲ್ಲಿ ಗ್ರಿಫಿನ್ ಕಾಣಿಸಿಕೊಂಡಿತ್ತು. ಗ್ರಿಫಿನ್ ಕಾಯುತ್ತದೆ ಎನ್ನುವ ಚಿನ್ನವೂ ಆ ಪಳೆಯುಳಿಕೆಗಳಿಂದ ನೂರಾರು ಕಿಲೋಮೀಟರ್ ದೂರದಲ್ಲಿದೆ ಎಂದು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ಹದ್ದನ್ನೂ ಸಿಂಹವನ್ನೂ ಬಲ್ಲವರಿಗೆ ಅವೆರಡನ್ನು ಕೂಡಿಸಲು ಮೂಳೆಯ ಸಹಾಯವೇಕೆ ಬೇಕು?

ಇರುಳೋದುಗ:
ಚರ್ಚೆಯೆಲ್ಲ ಮೂಳೆಯ ಸುತ್ತಲೇ ನಡೆದಿದೆ. ಮೂಳೆಯೇ ಇಲ್ಲದ ಜೀವಿಗಳೂ ಇವೆ. ಒಂದು ರಾತ್ರಿ ನನಗೆ ಎಚ್ಚರವಾದಾಗ ಬೆರಳನ್ನೂ ಅಲುಗಿಸಲಾಗಲಿಲ್ಲ. ಎದೆಯ ಮೇಲೆ ಭಾರ, ಬಾಗಿಲ ಬಳಿ ಯಾರೋ ನಿಂತಿದ್ದಾರೆಂಬ ಸಂಶಯವೇ ಇಲ್ಲದ ಅರಿವು. ಕನಸು ಬೀಳುವ ಹಂತದ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡಿರುತ್ತವೆ. ಅದು ಮುಗಿಯುವ ಮೊದಲೇ ಪ್ರಜ್ಞೆ ಮರಳಿದರೆ ಹೀಗಾಗುತ್ತದೆ. ಇದನ್ನು ಸ್ಕ್ಯಾಂಡಿನೇವಿಯಾದವರು ಎದೆಯೇರಿ ಕೂರುವ ‘ಮಾರಾ’ ಎಂದರು, ಜಪಾನಿನವರು ‘ಕನಶಿಬಾರಿ’ ಎಂದರು, ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು ಮುದುಕಿಯ ಕಾಟವೆಂದರು. ನೈಟ್‌ಮೇರ್ ಎಂಬ ಪದದ ‘ಮೇರ್’ ಕೂಡ ಹೆಣ್ಣುಕುದುರೆಯಲ್ಲ, ಈ ಮಾರಾಳ ಬಳಗದ್ದೇ. ಇಲ್ಲಿ ಮಾತ್ರ ಅನುಭವವೇ ಕಥೆಗಿಂತ ಮೊದಲು ಎಂದು ನಾನು ನಂಬುತ್ತೇನೆ.

ಅಕ್ಷರಪ್ರಿಯ:
ಧನ್ಯವಾದಗಳು. ಹಾಗಾದರೆ ಒಂಟಿಕಣ್ಣಿನ ದೈತ್ಯನ ಕಥೆಯನ್ನು ಮೊದಲೇ ಕೇಳಿದ್ದರಿಂದ ನನಗೆ ಆ ರಂಧ್ರ ಕಣ್ಣಾಗಿ ಕಂಡಿರಬೇಕು.

ಮರುಓದು:
ನನಗೂ ಹಾಗೆಯೇ ಅನ್ನಿಸುತ್ತದೆ. ಕಥೆಯನ್ನೇ ಕೇಳಿರದ ಮಗುವೊಂದನ್ನು ಆ ಬುರುಡೆಯ ಎದುರು ನಿಲ್ಲಿಸಿ, ಫಲಕ ಓದುವ ಮೊದಲೇ ಕೇಳಿ ನೋಡಿ.