ಹಳೇ ಮನೆ ರೇಡಿಯೇಟರ್: ಎಷ್ಟು ಸಲ ಗಾಳಿ ಬಿಟ್ರೂ ಮೇಲಿನ ರೂಮು ಬಿಸಿ ಆಗ್ತಿಲ್ಲ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾವಿರೋದು ತುಂಬಾ ಹಳೇ ಎರಡಂತಸ್ತಿನ ಮನೆ, ನೆಲಮಾಳಿಗೇಲಿ ಬಾಯ್ಲರ್ ಇದೆ, ಅಲ್ಲಿಂದ ಪಂಪ್ ಮೂಲಕ ಬಿಸಿನೀರು ಎಲ್ಲಾ ರೂಮಿನ ಬೀಡುಕಬ್ಬಿಣದ ರೇಡಿಯೇಟರ್‌ಗಳಿಗೆ ಹೋಗುತ್ತೆ. ಕೆಳಗಡೆ ರೂಮೆಲ್ಲಾ ಚೆನ್ನಾಗಿ ಬಿಸಿ ಆಗುತ್ತೆ, ಮೇಲಿನ ಎರಡು ರೂಮಿನ ರೇಡಿಯೇಟರ್ ಮಾತ್ರ ಮೇಲ್ಭಾಗ ತಣ್ಣಗೆ, ಒಳಗೆ ಗುಳುಗುಳು ಅಂತ ಸದ್ದು. ರೇಡಿಯೇಟರ್‌ನ ಸ್ಕ್ರೂ ಸಡಿಲಿಸಿ ಒಳಗಿನ ಗಾಳಿ ಹೊರಗೆ ಬಿಟ್ರೆ ಎರಡ್ಮೂರು ದಿನ ಸರಿ ಇರುತ್ತೆ, ಆಮೇಲೆ ಮತ್ತದೇ ಕಥೆ. ಪಾಪು ಮಲಗೋದು ಅದೇ ರೂಮಲ್ಲಿ, ಅದಕ್ಕೇ ಯೋಚನೆ. ಪಂಪ್ ಹೋಗಿದ್ಯಾ? ಬಾಯ್ಲರ್ರೇ ಬದಲಾಯಿಸ್ಬೇಕಾ?

ಉತ್ತರ 1:
ಪಂಪ್ ಹೋಗಿದ್ರೆ ಕೆಳಗಿನ ರೂಮುಗಳೂ ಇಷ್ಟು ಚೆನ್ನಾಗಿ ಬಿಸಿ ಆಗ್ತಿರ್ಲಿಲ್ಲ, ಸದ್ಯಕ್ಕೆ ಅದನ್ನ ಬಿಡಿ. ಬಾಯ್ಲರ್ ಬದಲಾಯ್ಸೋ ಮಾತಂತೂ ಈಗ್ಲೇ ಬೇಡ. ಎರಡು ವಿಷಯ ಹೇಳಿ. ಬಾಯ್ಲರ್ ಪೂರ್ತಿ ತಣ್ಣಗಿದ್ದಾಗ ಪ್ರೆಶರ್ ಗೇಜ್ ಎಷ್ಟು ತೋರಿಸುತ್ತೆ, ಚೆನ್ನಾಗಿ ಕಾದ ಮೇಲೆ ಎಷ್ಟು? ಆಮೇಲೆ ಎಲ್ಲಾದ್ರೂ ನೀರು ತೊಟ್ಟಿಕ್ತಿದ್ಯಾ ನೋಡಿ, ಅದ್ರಲ್ಲೂ ಸೇಫ್ಟಿ ವಾಲ್ವ್‌ನಿಂದ (ಪ್ರೆಶರ್ ಮಿತಿ ಮೀರಿದ್ರೆ ನೀರು ಹೊರಗೆ ಬಿಡೋ ವಾಲ್ವ್) ಕೆಳಗೆ ಇಳಿಯೋ ಪೈಪಿನ ಬಾಯಿ ಹತ್ರ.

ಪ್ರಶ್ನೆ ಕೇಳಿದವರು:
ಈಗ ತಾನೇ ಕೆಳಗೆ ಹೋಗಿ ನೋಡ್ಬಂದೆ ಸರ್. ಬೆಳಿಗ್ಗೆ ತಣ್ಣಗಿದ್ದಾಗ 0.4 ಬಾರ್ ಇತ್ತು, ಕಾದ ಮೇಲೆ 2.9ರ ತನಕ ಏರುತ್ತೆ. ಆ ಪೈಪಿನ ಕೆಳಗೆ ನೆಲ ಒದ್ದೆ ಇದೆ, ಇಷ್ಟು ದಿನ ಗೋಡೆಯಿಂದ ಜಿನುಗೋ ತೇವ ಅಂದ್ಕೊಂಡಿದ್ದೆ. ವಾರಕ್ಕೊಂದ್ಸಲ ನಲ್ಲಿ ತಿರುಗಿಸಿ 1.2ರವರೆಗೆ ನೀರು ತುಂಬಿಸ್ತೀನಿ, ಹಿಂದೆ ಈ ಮನೇಲಿದ್ದವರೂ ಹಾಗೇ ಮಾಡಿ ಅಂದಿದ್ರು.

ಉತ್ತರ 2:
ಈ ವಾರವಾರ ತುಂಬ್ಸೋದ್ರಲ್ಲೇ ಇದೆ ನೋಡಿ ವಿಷ್ಯ. ಸರಿ ಇರೋ ಮುಚ್ಚಿದ ಸಿಸ್ಟಮ್‌ಗೆ ವರ್ಷದಲ್ಲಿ ಒಂದೆರಡು ಸಲಕ್ಕಿಂತ ಜಾಸ್ತಿ ನೀರು ಬೇಕಾಗಲ್ಲ, ಅದೇ ನೀರು ಸುತ್ತುತ್ತಾ ಇರ್ಬೇಕು. ನಿಮ್ಮಲ್ಲಿ ನೀರು ಹೊರಗೆ ಹೋಗ್ತಾನೇ ಇದೆ, ನೀವು ಹೊಸ ನೀರು ಹಾಕ್ತಾನೇ ಇದೀರಿ, ಹೊಸ ನೀರಲ್ಲಿ ಕರಗಿರೋ ಗಾಳಿ ಕಾದಾಗ ಬಿಟ್ಕೊಂಡು ಮೇಲಿನ ರೇಡಿಯೇಟರಲ್ಲಿ ಸೇರ್ಕೊಳ್ಳುತ್ತೆ, ಜೊತೆಗೆ ಬಂದ ಆಮ್ಲಜನಕ ಒಳಗಡೆಯಿಂದ ಕಬ್ಬಿಣ ತಿನ್ನುತ್ತೆ. ಎಷ್ಟು ಸಲ ಗಾಳಿ ಬಿಟ್ರೂ ಅದಕ್ಕೇ ಮುಗೀತಿಲ್ಲ.

ನನಗೆ ಅನುಮಾನ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಮೇಲೆ. ನೀರು 10 ಡಿಗ್ರಿಯಿಂದ 80 ಡಿಗ್ರಿಗೆ ಕಾದ್ರೆ ಹತ್ತತ್ರ ಶೇಕಡಾ 3ರಷ್ಟು ಹಿಗ್ಗುತ್ತೆ, ಅಂದ್ರೆ ಒಟ್ಟು 200 ಲೀಟರ್ ನೀರಿದ್ರೆ ಸುಮಾರು 6 ಲೀಟರ್ ಜಾಗ ಬೇಕು. ಆ ಟ್ಯಾಂಕಿನೊಳಗೆ ರಬ್ಬರ್ ಪರದೆ ಇರುತ್ತೆ, ಒಂದು ಕಡೆ ನೀರು ಇನ್ನೊಂದು ಕಡೆ ಗಾಳಿ, ಹಿಗ್ಗಿದ ನೀರು ಗಾಳೀನ ಒತ್ತಿ ಜಾಗ ಮಾಡ್ಕೊಳ್ಳುತ್ತೆ. ಗಾಳಿ ಇಳಿದೋದ್ರೆ ಇಲ್ಲಾ ಪರದೆ ಹರಿದ್ರೆ ಜಾಗ ಎಲ್ಲಿ? ಪ್ರೆಶರ್ ಸರ್ರನೆ 3 ಬಾರ್‌ಗೆ ಹೋಗುತ್ತೆ, ಸೇಫ್ಟಿ ವಾಲ್ವ್ ತನ್ನ ಕೆಲ್ಸ ಮಾಡಿ ನೀರು ಹೊರಗೆ ಬಿಡುತ್ತೆ, ರಾತ್ರಿ ತಣ್ಣಗಾದಾಗ 0.4ಕ್ಕೆ ಕುಸಿಯುತ್ತೆ. 0.4 ಬಾರ್ ಅಂದ್ರೆ 4 ಮೀಟರ್ ಎತ್ತರಕ್ಕೆ ಸಾಕು ಅಷ್ಟೇ. ನಿಮ್ಮ ಮೇಲಿನ ರೇಡಿಯೇಟರ್ ಬಾಯ್ಲರ್‌ನಿಂದ 7 ಮೀಟರ್ ಮೇಲಿದ್ರೆ 0.7 ಬೇಕು, ಅದ್ರ ಮೇಲೆ 0.3 ಹೆಚ್ಚಿಗೆ, ಹಾಗಾಗಿ ತಣ್ಣಗಿದ್ದಾಗ 1 ಬಾರ್ ಇರ್ಬೇಕು. ಪ್ರೆಶರ್ ಇಷ್ಟು ಕಮ್ಮಿ ಇದ್ದಾಗ ಗಾಳಿ ಬಿಡೋ ಸ್ಕ್ರೂ ತೆಗೆದ್ರೆ ಗಾಳಿ ಹೊರಗೆ ಬರೋ ಬದ್ಲು ಒಳಗೇ ಹೋಗುತ್ತೆ! ಎರಡೂ ಸಲ ಬುಸ್ ಅಂತ್ಲೇ ಕೇಳ್ಸೋದು, ತೆಳು ಕಾಗದದ ಚೂರು ಹಿಡಿದು ನೋಡಿ, ಗೊತ್ತಾಗುತ್ತೆ.

ಟ್ಯಾಂಕ್ ಮೇಲೆ ಸೈಕಲ್ ಟ್ಯೂಬಲ್ಲಿರೋ ಥರ ಒಂದು ವಾಲ್ವ್ ಇರುತ್ತೆ, ಬಾಯ್ಲರ್ ಆರಿಸಿ ತಣ್ಣಗಾದ ಮೇಲೆ ಅದರ ಪಿನ್ ಒತ್ತಿ. ನೀರು ಬಂದ್ರೆ ಪರದೆ ಹರಿದಿದೆ, ಟ್ಯಾಂಕ್ ಬದಲಾಯ್ಸೋದೇ. ಬರೀ ಗಾಳಿ ಬಂದ್ರೆ, ಇಲ್ಲಾ ಏನೂ ಬರ್ದಿದ್ರೆ, ನೀರಿನ ಕಡೆ ಪ್ರೆಶರ್ ಸೊನ್ನೆ ಮಾಡ್ಕೊಂಡು ಸೈಕಲ್ ಪಂಪಲ್ಲಿ ಅದೇ ವಾಲ್ವ್ ಮೂಲಕ ಟ್ಯಾಂಕಿಗೆ ಗಾಳಿ ತುಂಬಿಸಿ, ತಣ್ಣಗಿದ್ದಾಗಿನ ನೀರಿನ ಪ್ರೆಶರ್‌ಗಿಂತ ಒಂಚೂರು ಕಮ್ಮಿ ಇದ್ರೆ ಸರಿ. ನೀರಿನ ಕಡೆ ಪ್ರೆಶರ್ ಇಳಿಸ್ದೆ ಅಳೆದ್ರೆ ಲೆಕ್ಕ ತಪ್ಪುತ್ತೆ, ಇದನ್ನ ತುಂಬಾ ಜನ ಮರೀತಾರೆ.

ಉತ್ತರ 3:
ಮೇಲೆ ಹೇಳಿದ್ದು ಸರಿಯಾಗಿದೆ, ಜೊತೆಗೆ ಕೆಲವು ಎಚ್ಚರಿಕೆ ಹೇಳ್ಲೇಬೇಕು. ಆ ಸೇಫ್ಟಿ ವಾಲ್ವ್ ತೊಟ್ಟಿಕ್ತಿದೆ ಅಂತ ಯಾರಾದ್ರೂ ಪೈಪಿನ ಬಾಯಿಗೆ ಪ್ಲಗ್ ಹಾಕೋಣ ಅಂದ್ರೆ ಖಂಡಿತ ಒಪ್ಪಬೇಡಿ, ಬಾಯ್ಲರ್ ಸಿಡಿಯದ ಹಾಗೆ ಕಾಯ್ತಿರೋದೇ ಅದು. ಇಷ್ಟು ಸಲ ತೆರೆದಿರೋ ವಾಲ್ವ್ ಸೀಟಲ್ಲಿ ಕಸ ಕೂತು ಪೂರ್ತಿ ಮುಚ್ಚಲ್ಲ, ಟ್ಯಾಂಕ್ ಜೊತೆ ಅದನ್ನೂ ಹೊಸದು ಹಾಕ್ಸಿಬಿಡಿ. ಬಾಯ್ಲರ್ ಬಿಸಿ ಇರುವಾಗ ತಣ್ಣೀರು ತುಂಬಿಸ್ಬೇಡಿ, ಬೀಡಿನ ಬಾಯ್ಲರ್ ಆದ್ರೆ ಬಿರುಕು ಬಿಡುತ್ತೆ. ಹಳೇ ಪೈಪಿಗೆ ಬಿಳೀ ಪಟ್ಟಿ ಥರ ಸುತ್ತಿದ್ರೆ ಮುಟ್ಬೇಡಿ, ಕಲ್ನಾರು (ಆಸ್ಬೆಸ್ಟಾಸ್) ಇರ್ಬಹುದು, ಅದರ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಮಗು ಇರೋ ಮನೆ, ಕಾರ್ಬನ್ ಮಾನಾಕ್ಸೈಡ್ (ಬಾಯ್ಲರ್ ಉರಿಯಿಂದ ಬರಬಹುದಾದ, ವಾಸನೆ ಇಲ್ಲದ ವಿಷಾನಿಲ) ಅಲಾರಂ ಇಲ್ದೇ ಇದ್ರೆ ಇವತ್ತೇ ಹಾಕಿ.

ಪ್ರಶ್ನೆ ಕೇಳಿದವರು:
ಪಿನ್ ಒತ್ತಿದ ತಕ್ಷಣ ತುಕ್ಕು ನೀರು ಚಿಮ್ತು! ಪ್ಲಂಬರ್ ಬಂದು ಟ್ಯಾಂಕು, ಸೇಫ್ಟಿ ವಾಲ್ವು ಎರಡೂ ಬದಲಾಯಿಸಿದ್ರು. ಹತ್ತು ದಿನ ಆಯ್ತು, ತಣ್ಣಗಿದ್ದಾಗ 1.1, ಕಾದಾಗ 1.6, ಒಂದು ಹನಿ ನೀರೂ ಹಾಕಿಲ್ಲ. ಪಾಪು ರೂಮು ಬೆಚ್ಚಗಿದೆ, ನಿಮಗೆಲ್ಲಾ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಇನ್ನೊಂದು ರೂಮಿನ ರೇಡಿಯೇಟರ್ ಮಾತ್ರ ಈಗ ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗೆ. ಇದೂ ಗಾಳೀನಾ?

ಉತ್ತರ 2:
ಅಲ್ಲ, ಗಾಳಿ ಮೇಲೆ ನಿಲ್ಲುತ್ತೆ, ಕೆಳಗೆ ನಿಲ್ಲೋದು ಗಸಿ. ಇಷ್ಟು ದಿನ ಹೊಸ ನೀರು ಹೋಗಿದ್ದಕ್ಕೆ ಆಗಿರೋ ತುಕ್ಕಿನ ಕಪ್ಪು ಪುಡಿ ಅದು. ಎರಡೂ ಕಡೆ ವಾಲ್ವ್ ಮುಚ್ಚಿ ಆ ರೇಡಿಯೇಟರ್ ಬಿಚ್ಚಿಸಿ, ಹೊರಗೆ ಒಯ್ದು ತಿಳಿನೀರು ಬರೋ ತನಕ ತೊಳೆಸಿ. ಬೀಡಿನದ್ದು ಭಾರೀ ತೂಕ, ಒಬ್ರೇ ಎತ್ತೋಕೆ ಹೋಗ್ಬೇಡಿ. ತಿರುಗಿ ಕೂರಿಸಿದ್ಮೇಲೆ ನೀರಿಗೆ ತುಕ್ಕು ತಡೆಯೋ ದ್ರವ ಹಾಕ್ಸಿ, ಹಿಂತಿರುಗೋ ಪೈಪಲ್ಲಿ, ಬಾಯ್ಲರ್‌ಗೆ ಮುಂಚೆ, ಒಂದು ಮ್ಯಾಗ್ನೆಟ್ ಫಿಲ್ಟರ್ ಕೂರಿಸ್ಕೊಳ್ಳಿ, ಉಳಿದ ಪುಡಿ ಅದಕ್ಕೆ ಅಂಟ್ಕೊಳ್ಳುತ್ತೆ. ಮೊದಲ ತಿಂಗಳು ವಾರಕ್ಕೊಂದ್ಸಲ ಅದನ್ನ ತೆಗೆದು ಒರೆಸಿ, ಆಮೇಲೆ ವರ್ಷಕ್ಕೊಮ್ಮೆ ಸಾಕು.